ಕೊಟ್ಟಿಗೆಯಲ್ಲಿ ಶುರುವಾಗುವ ವಿಜ್ಞಾನ

ಬೆಳಗಿನ ಆರು ಗಂಟೆಗೆ ಕಂಡವರ ದನದ ಕೊಟ್ಟಿಗೆಗೆ ನುಗ್ಗಿ, ಗೋಡೆಗೆ ಟಾರ್ಚು ಬಿಟ್ಟು, ರಬ್ಬರ್ ಪೈಪು ಬಾಯಲ್ಲಿ ಕಚ್ಚಿಕೊಂಡು ನಿಲ್ಲುವುದಕ್ಕೆ ಸರ್ಕಾರ ಸಂಬಳ ಕೊಡುತ್ತಿತ್ತು. ಆರೋಗ್ಯ ಇಲಾಖೆಯ ಕಡತದಲ್ಲಿ ಆ ಹುದ್ದೆಯ ಹೆಸರು ಇನ್ಸೆಕ್ಟ್ ಕಲೆಕ್ಟರ್. ಹಳ್ಳಿಗಳಲ್ಲಿ 'ಸೊಳ್ಳೆ ಹಿಡಿಯೋರು' ಎಂದರೆ ಸಾಕಿತ್ತು. ಹಿರಿಯೂರಿಗೆ ನಾನು ಹೋಗಿದ್ದು ಮಾರಿಕಣಿವೆ ಅಣೆಕಟ್ಟೆಯ ಬಗ್ಗೆ ಬರೆಯಲು. ಅಲ್ಲಿ ಆ ಕೆಲಸದಿಂದ ನಿವೃತ್ತರಾದ ಯಜಮಾನರೊಬ್ಬರ ಪರಿಚಯವಾಯಿತು. ಹೆಸರು ಹಾಕಬೇಡಿ ಎಂದಿದ್ದಾರೆ. ಅಣೆಕಟ್ಟೆಯ ಲೇಖನ ಹಾಗೇ ಉಳಿದಿದೆ.

ಅವರ ಸಕ್ಷನ್ ಟ್ಯೂಬು ಇನ್ನೂ ಮನೆಯಲ್ಲಿದೆ. ಗೇಣುದ್ದದ ಗಾಜಿನ ನಳಿಕೆ, ಅದರ ಹಿಂಬದಿಗೆ ರಬ್ಬರ್ ಪೈಪು, ಎರಡೂ ಸೇರುವಲ್ಲಿ ಸೊಳ್ಳೆಪರದೆಯ ಬಟ್ಟೆಯ ಚೂರು. "ಆ ಬಟ್ಟೆ ಇಲ್ದಿದ್ರೆ ಸೊಳ್ಳೆ ಸೀದಾ ಹೊಟ್ಟೆಗೇ ಸಾರ್" ಎಂದು ನಕ್ಕರು. ಗೋಡೆಗೆ ಕೂತ ಸೊಳ್ಳೆಯ ಹತ್ತಿರ ನಳಿಕೆಯ ತುದಿ ಹಿಡಿದು ಮೆಲ್ಲಗೆ ಉಸಿರೆಳೆಯಬೇಕು. ಜೋರಾಗಿ ಎಳೆದರೆ ರೆಕ್ಕೆ, ಕಾಲು ಮುರಿದು ಗುರುತು ಹಾಳು. ಒಳಬಂದ ಸೊಳ್ಳೆಯನ್ನು ಪ್ರನಾಳಕ್ಕೆ ಊದಿ ಹತ್ತಿ ತುರುಕುವುದು. ಎಷ್ಟು ಹೊತ್ತು ಹುಡುಕಿದಾಗ ಎಷ್ಟು ಸಿಕ್ಕವು ಎಂಬುದನ್ನು ಗಂಟೆಯ ಲೆಕ್ಕಕ್ಕೆ ತಂದು ಬರೆಯುವುದು. ಒಂದು ಊರಿಗೆ ಜ್ವರ ಬರುವ ಸೂಚನೆ ಈ ಲೆಕ್ಕದಲ್ಲಿ ಮೊದಲೇ ಸಿಗುತ್ತದೆ.

ಗುರುತು ಹಿಡಿಯುವ ಪಾಠವನ್ನೂ ಹೇಳಿದರು. ಮಲೇರಿಯಾ ಹರಡುವ ಅನಾಫಿಲಿಸ್ ಹಿಂಭಾಗ ಮೇಲೆತ್ತಿ ಗೋಡೆಗೆ ಓರೆಯಾಗಿ ಕೂರುತ್ತದೆ, ಕ್ಯೂಲೆಕ್ಸ್ ಗೋಡೆಗೆ ಸಮವಾಗಿ. ಮರಿಹುಳದಲ್ಲೂ ವ್ಯತ್ಯಾಸವಿದೆ. ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಸಮವಾಗಿ ಮಲಗುತ್ತದೆ, ಉಳಿದವು ತಲೆಕೆಳಗಾಗಿ ನೇತಾಡುತ್ತವೆ. ಹೊಟ್ಟೆ ಕೆಂಪಗಿದ್ದರೆ ರಾತ್ರಿ ರಕ್ತ ಕುಡಿದಿದೆ. ಬೆಳ್ಳಗೆ ಉಬ್ಬಿದ್ದರೆ ಮೊಟ್ಟೆಗೆ ಬಂದಿದೆ. ಇವರಿಗೆ ಲೆನ್ಸೇ ಬೇಕಿರಲಿಲ್ಲವಂತೆ. ನಂಬುತ್ತೇನೆ, ಮಾತಿನ ನಡುವೆ ಗೋಡೆಯ ಮೇಲಿದ್ದುದನ್ನು ನೋಡಿ "ಇದು ಬರೀ ಕ್ಯೂಲೆಕ್ಸು, ಬಿಡಿ" ಎಂದರು.

ಈ ಕಸುಬಿಗೆ ಹಿರಿಯೂರಿನಲ್ಲಿ ಹಳೆಯ ಬೇರಿದೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಬರಗಾಲದ ಸೀಮೆಗೆ ನಾಲೆ ಬಂತು, ಗದ್ದೆ ಬಂತು. ನಾಲೆಯ ಜಿನುಗು, ನಿಂತ ನೀರು ಇದ್ದಲ್ಲಿ ಚಳಿಜ್ವರವೂ ಬರುವುದು ಆ ಕಾಲಕ್ಕೆ ಎಲ್ಲ ನೀರಾವರಿ ಸೀಮೆಗಳ ಕಥೆ. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆಯಿತು. ಅವರ ಕಡೆಯಿಂದ ಬಂದವರು ಡಾ. ಡಬ್ಲ್ಯು. ಸಿ. ಸ್ವೀಟ್. ಮಲೇರಿಯಾ ಅಧ್ಯಯನಕ್ಕೆ ಮೂರು ಜಾಗ ಆರಿಸಿಕೊಂಡರು: ನಾಗೇನಹಳ್ಳಿ, ಮಲೆನಾಡಿನ ಮೂಡಿಗೆರೆ, ಬಯಲುಸೀಮೆಯ ಹಿರಿಯೂರು. ಇದೇ ಪ್ರತಿಷ್ಠಾನದ ಹಣದಿಂದ 1916ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆ, 1932ರಲ್ಲಿ ಕಲ್ಕತ್ತೆಯ ಅಖಿಲ ಭಾರತ ನೈರ್ಮಲ್ಯ ಸಂಸ್ಥೆ ಎದ್ದವು. ಇಂದು ಗ್ಲೋಬಲ್ ಹೆಲ್ತ್ ಎಂದು ಪದವಿ ಕೊಡುವ ವಿದ್ಯೆಯ ಅಡಿಪಾಯ ಬಿದ್ದ ಕಾಲ ಅದು. ಆ ಸಾಲಿನಲ್ಲಿ ನಮ್ಮ ಹಿರಿಯೂರಿಗೂ ಒಂದು ಜಾಗವಿದೆ ಎನ್ನುವುದು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಆಗಿನ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮೊಟ್ಟೆ. ಅನಾಫಿಲಿಸ್ ಮೊಟ್ಟೆ ಸುಮಾರು ಅರ್ಧ ಮಿಲಿಮೀಟರಿನದು. ಪುಟ್ಟ ದೋಣಿಯ ಹಾಗೆ ನೀರಿನ ಮೇಲೆ ತೇಲುತ್ತದೆ. ತೇಲಲು ಎರಡೂ ಪಕ್ಕಕ್ಕೆ ಗಾಳಿಚೀಲ, ಆ ಚೀಲದ ಮೇಲೆ ಸಾಲಾಗಿ ಗೆರೆಯಂಥ ಏಣುಗಳು. ಸ್ವೀಟ್ ಮತ್ತು ಅವರ ಜೊತೆ ಕೆಲಸ ಮಾಡಿದ ಬಿ. ಎ. ರಾವ್ ಈ ಏಣುಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುತ್ತ ಕೂತರು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಒಂದೇ ಸೊಳ್ಳೆಯಲ್ಲಿ ಎರಡು ಬಗೆ ಕಂಡವು. ಒಂದರ ಮೊಟ್ಟೆಗೆ ಏಣು ಹೆಚ್ಚು, ಇನ್ನೊಂದಕ್ಕೆ ಕಡಿಮೆ. 1937ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಪ್ರಕಟಿಸಿ, ಕಡಿಮೆ ಏಣಿನ ಬಗೆಗೆ 'ಮೈಸೊರೆನ್ಸಿಸ್' ಎಂದು ನಮ್ಮ ಸಂಸ್ಥಾನದ ಹೆಸರನ್ನೇ ಇಟ್ಟರು. ಅರ್ಧ ಶತಮಾನ ಕಳೆದ ಮೇಲೆ, 1987ರಲ್ಲಿ, ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ಮತ್ತೆ ಎಣಿಸಿ ಲೆಕ್ಕವನ್ನು ಗಟ್ಟಿ ಮಾಡಿದರು. ಪಟ್ಟಣದ ಬಗೆಗೆ 14ರಿಂದ 22, ಹಳ್ಳಿಯ ಮೈಸೊರೆನ್ಸಿಸ್‌ಗೆ 9ರಿಂದ 15, ಎರಡರ ನಡುವಿನ ಮೂರನೇ ಬಗೆಗೆ 12ರಿಂದ 17. ಆಕೆ ಮುಂದೆ ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ನಿರ್ದೇಶಕಿಯಾದರು.

ಏಣು ಎಣಿಸಿ ಏನು ಬಂತು? ಭಾರತದಲ್ಲಿ ಮಲೇರಿಯಾ ಹರಡುವುದರಲ್ಲಿ ಗಟ್ಟಿಗ ಪಟ್ಟಣದ ಬಗೆ. ಮೈಸೊರೆನ್ಸಿಸ್‌ಗೆ ಮನುಷ್ಯನಿಗಿಂತ ದನದ ರಕ್ತವೇ ರುಚಿ. ಎರಡರಲ್ಲಿ ಯಾವುದು ಎಂದು ತಿಳಿಯದೆ ಔಷಧಿ ಹೊಡೆದರೆ ದುಡ್ಡು ದಂಡ. ಈಗ ಇದೇ ಸ್ಟೀಫೆನ್ಸಿ ಕಡಲು ದಾಟಿದೆ. 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ, ಆಮೇಲೆ ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೀನ್ಯಾಗಳಲ್ಲಿ ಸಿಕ್ಕಿತು. ಆಫ್ರಿಕಾದ ಹಳೆಯ ಮಲೇರಿಯಾ ಸೊಳ್ಳೆಗಳು ಹೆಚ್ಚಾಗಿ ಹಳ್ಳಿಯವು. ಇದು ಸಿಟಿಯ ನೀರಿನ ಟ್ಯಾಂಕು, ಡ್ರಮ್ಮುಗಳಲ್ಲೇ ಸಂಸಾರ ಹೂಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾರ್ಯಕ್ರಮ ಶುರುಮಾಡಿತು. ಅಲ್ಲಿಗೂ ಬೇಕಾದವರು ಸೊಳ್ಳೆ ಹಿಡಿದು ಗುರುತು ಹೇಳಬಲ್ಲವರೇ.

ಹಿರಿಯೂರಿನ ಯಜಮಾನರು ಕೆಲಸಕ್ಕೆ ಸೇರಿದ್ದು ಮಲೇರಿಯಾ ತಿರುಗಿಬಿದ್ದ ಕಾಲದಲ್ಲಿ. ಡಿಡಿಟಿ ಹೊಡೆದು 1960ರ ದಶಕದಲ್ಲಿ ದೇಶದ ಪ್ರಕರಣಗಳನ್ನು ವರ್ಷಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿಸಿದ್ದರು. 1976ಕ್ಕೆ ಅದು 64 ಲಕ್ಷ ದಾಟಿತು. ಮಾರನೇ ವರ್ಷ ಪರಿಷ್ಕೃತ ಯೋಜನೆ ಬಂತು. ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ತೆಗೆದು, ಗೋಡೆಯ ಮೇಲಿನ ಚೌಕದಲ್ಲಿ ತಾರೀಕು ಹಾಕಿ ಬರುತ್ತಿದ್ದರು. ಹಳೇ ಮಣ್ಣಿನ ಮನೆಗಳ ಬಾಗಿಲ ಪಕ್ಕ ಆ ಚೌಕ ಕಂಡವರು ಓದುಗರಲ್ಲೂ ಇರಬಹುದು. ಡಿಡಿಟಿ ಹೊಡೆಯುವವರು ಬಂದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಅಡುಗೆಮನೆ ಹೊಲಸಾಗುತ್ತದೆ, ತಿಗಣೆ ಜಾಸ್ತಿಯಾಗುತ್ತದೆ ಎಂದು ಜಗಳ. ಇವರನ್ನು ಮಾತ್ರ ಯಾರೂ ಬೈದಿಲ್ಲ. "ನಾವು ತಗೊಂಡು ಹೋಗೋರಲ್ವಾ ಸಾರ್, ಅದೂ ಸೊಳ್ಳೆನಾ! ಇನ್ನೊಂದಿಷ್ಟು ಹಿಡ್ಕೊಂಡ್ ಹೋಗ್ರಪ್ಪಾ ಅಂತಿದ್ರು. ಕಾಫಿನೂ ಕೊಡೋರು."

ಹೊಳಲ್ಕೆರೆ, ಹೊಸದುರ್ಗದ ಕಡೆ ಕೆಲಸ ಬೇರೆ ತೆರನಾದದ್ದು. ನಾಲೆಯಿಲ್ಲದ ಸೀಮೆ, ನಲ್ಲಿಯಲ್ಲಿ ನೀರು ಬಂದ ದಿನ ಸಿಮೆಂಟ್ ತೊಟ್ಟಿ, ಡ್ರಮ್ಮು ತುಂಬಿಸಿಟ್ಟುಕೊಳ್ಳಲೇಬೇಕು. ಈಡಿಸ್ ಸೊಳ್ಳೆಗೂ ಡೆಂಗಿಗೂ ಅದೇ ಅನುಕೂಲ. ಬಾವಿ, ತೊಟ್ಟಿಗಳಿಗೆ ಗಪ್ಪಿ ಮೀನು, ಗಂಬೂಸಿಯಾ ಮೀನು ಬಿಡುವುದು ಆರೋಗ್ಯ ಸಹಾಯಕರ ಕೆಲಸ. ಗಂಬೂಸಿಯಾ 1928ರಲ್ಲಿ ಇಟಲಿಯಿಂದ ತಂದ ತಳಿ. ನಮ್ಮ ಕೆರೆಗಳ ಮೀನಿಗೆ ಅದು ಕಂಟಕ ಎಂಬ ಆಕ್ಷೇಪವೂ ಈಗ ಗಟ್ಟಿಯಾಗಿದೆ. ಕೋಲಾರದ ಕಾಮಸಮುದ್ರದ ಕಡೆ ರೇಷ್ಮೆ ಸಾಕುವ ಮನೆಗಳಿಗೆ ಕೀಟನಾಶಕ ಹೊಡೆಯುವಂತಿರಲಿಲ್ಲ. ಅಲ್ಲಿ ಗಪ್ಪಿ ಬಿಟ್ಟು ಮಲೇರಿಯಾ ತಗ್ಗಿಸಿದ ಪ್ರಯೋಗ ವಿದೇಶಿ ವೈದ್ಯಪತ್ರಿಕೆಯಲ್ಲೂ ಅಚ್ಚಾಯಿತು.

ಚಿತ್ರದುರ್ಗದಲ್ಲಿ ಈಗ ಖಾಸಗಿ, ಸರ್ಕಾರಿ ಎರಡೂ ವೈದ್ಯಕೀಯ ಕಾಲೇಜುಗಳಿವೆ. ಡಾಕ್ಟರು ಆಗುವುದು ಹೇಗೆಂದು ಹುಡುಗರಿಗೆ ಬಾಯಿಪಾಠ. ಸಾರ್ವಜನಿಕ ಆರೋಗ್ಯದಲ್ಲಿ ಬೇರೆ ದಾರಿಗಳೂ ಇವೆ ಎಂದು ಹೇಳುವವರು ಕಡಿಮೆ. ಬೆಂಗಳೂರಿನಲ್ಲಿ 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಪುದುಚೇರಿಯ ವೆಕ್ಟರ್ ನಿಯಂತ್ರಣ ಸಂಶೋಧನಾ ಕೇಂದ್ರದಲ್ಲಿ ಸಾರ್ವಜನಿಕ ಆರೋಗ್ಯ ಕೀಟಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬಹುದು. ಪ್ರಾಣಿಶಾಸ್ತ್ರ ಓದಿದ ಹೊಸದುರ್ಗದ ಹುಡುಗಿ ಅಲ್ಲಿಂದ ಅಡಿಸ್ ಅಬಾಬಾದವರೆಗೂ ಹೋಗಬಹುದು. ದಾರಿ ದೊಡ್ಡದೇ. ಆದರೆ ಅದರ ಮೊದಲ ಮೆಟ್ಟಿಲು ಕೊಟ್ಟಿಗೆಯಲ್ಲಿದೆ, ಆ ಮೆಟ್ಟಿಲಿನ ನೌಕರಿಗಳೇ ಸವೆಯುತ್ತಿವೆ. ತಮ್ಮ ಜೊತೆಯವರು ನಿವೃತ್ತರಾದಂತೆ ಆ ಜಾಗಕ್ಕೆ ಹೊಸಬರು ಬಂದದ್ದನ್ನು ಯಜಮಾನರು ಕಂಡಿಲ್ಲ.

ಯಜಮಾನರ ಮೊಮ್ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಪುದುಚೇರಿಯ ಕೋರ್ಸಿನ ಸುದ್ದಿ ನಾನು ಎತ್ತಿದಾಗ ಮೊಬೈಲಿನಲ್ಲಿ ಹುಡುಕಿ ಓದಿದಳು. ತಾತನ ಮುಖ ಅರಳಿತು. ಅವಳ ಅಪ್ಪ ಮಾತ್ರ ಬಿ.ಎಡ್. ಅರ್ಜಿ ಆಗಲೇ ಹಾಕಿಸಿದ್ದಾರೆ. "ಅದನ್ನ ಓದಿದ್ರೆ ಈ ಜಿಲ್ಲೇಲಿ ಕೆಲಸ ಯಾರು ಕೊಡ್ತಾರೆ ಹೇಳಿ ಸಾರ್" ಎಂದು ಕೇಳಿದರು. ಹೇಳಲು ನನ್ನ ಹತ್ತಿರ ಒಂದು ಕಚೇರಿಯ ಹೆಸರೂ ಇರಲಿಲ್ಲ.