ಕಾಲುವೆಯ ಏರಿಯ ಮೇಲೆ

ದಾರಿಗಳಲ್ಲಿ ಎರಡು ಬಗೆಯುಂಟು. ಊರಿನಿಂದ ಊರಿಗೆ ಜನರನ್ನೂ ಸರಕನ್ನೂ ಬೇಗನೆ ಮುಟ್ಟಿಸುವುದಕ್ಕೆಂದೇ ಮಾಡಿದ ದಾರಿ ಒಂದು. ಬೇರೊಂದು ಕೆಲಸಕ್ಕಾಗಿ ಹುಟ್ಟಿ, ಆ ಬಳಿಕ ಜನರ ನಡೆದಾಟಕ್ಕೂ ಒದಗಿದ ದಾರಿ ಮತ್ತೊಂದು. ಮೊದಲನೆಯದರ ಮೇಲೆ ಲಾರಿ, ಬಸ್ಸು, ಮೋಟಾರುಗಳು ಹಗಲಿರುಳು ಓಡುತ್ತವೆ. ಸೈಕಲ್ಲಿನ ಸವಾರನು ಅಲ್ಲಿ ಅಂಚಿಗೆ ಸರಿದು, ಹಿಂದಿನಿಂದ ಬರುವ ಸದ್ದಿಗೆ ಕಿವಿಗೊಟ್ಟು, ಜೀವವನ್ನು ಕೈಯಲ್ಲಿ ಹಿಡಿದು ಸಾಗಬೇಕಾಗುತ್ತದೆ. ಎರಡನೆಯದರ ಮೇಲೆ ಅವನಿಗೆ ಗಾಳಿಯ ಸದ್ದು, ನೀರಿನ ಸದ್ದು, ಹಕ್ಕಿಯ ಕೂಗು ಕೇಳಿಸುತ್ತವೆ. ಕಾಲುವೆಯ ಏರಿಯು ಈ ಎರಡನೆಯ ಬಗೆಗೆ ಸೇರಿದ ದಾರಿ.

ಕಾಲುವೆಯ ಏರಿಯು ಸೈಕಲ್ಲಿಗೆ ಇಷ್ಟೊಂದು ಒಪ್ಪುವುದಕ್ಕೆ ಕಾರಣ ಸರಳವಾದುದು. ಸಮತಟ್ಟಾದ ನೆಲದ ಮೇಲೆ ಸೈಕಲ್ಲು ಮನುಷ್ಯನ ಶಕ್ತಿಯನ್ನು ಬಹಳ ಮಿತವಾಗಿ ಬಳಸುತ್ತದೆ. ನಡೆಯುವಾಗ ವ್ಯಯವಾಗುವಷ್ಟೇ ಶ್ರಮದಿಂದ ಅದರ ಮೂರು ನಾಲ್ಕು ಪಟ್ಟು ದೂರವನ್ನು ಅದರ ಮೇಲೆ ಕ್ರಮಿಸಬಹುದು. ಆದರೆ ಏರು ಬಂದೊಡನೆ ಈ ಲಾಭ ಕರಗುತ್ತದೆ. ಸವಾರನು ತನ್ನ ಭಾರದ ಜೊತೆಗೆ ಸೈಕಲ್ಲಿನ ಭಾರವನ್ನೂ ಮೇಲಕ್ಕೆತ್ತಬೇಕು. ನೀರಾದರೋ ಏರನ್ನು ಎಂದಿಗೂ ಹತ್ತುವುದಿಲ್ಲ. ಆದುದರಿಂದ ಕಾಲುವೆಯನ್ನು ತೋಡುವ ಎಂಜಿನಿಯರನು ನೆಲವನ್ನು ಅಳೆದು, ಗುಡ್ಡವನ್ನು ಬಳಸಿ, ತಗ್ಗನ್ನು ಮಣ್ಣಿನಿಂದ ಏರಿಸಿ, ಕೆಲವು ಸಾವಿರ ಅಡಿಗೆ ಒಂದು ಅಡಿಯಷ್ಟು ಮಾತ್ರ ಇಳಿಯುವಂತೆ ಅದನ್ನು ಒಯ್ಯುತ್ತಾನೆ. ನೀರಿಗಾಗಿ ಮಾಡಿದ ಈ ಲೆಕ್ಕಾಚಾರದ ಫಲವು ಏರಿಯ ಮೇಲಿನ ಸೈಕಲ್ಲಿಗೂ ದೊರೆಯುತ್ತದೆ.

ಈ ಸತ್ಯವನ್ನು ಚೆನ್ನಾಗಿ ಕಂಡುಕೊಂಡ ದೇಶ ಫ್ರಾನ್ಸ್. ಆ ದೇಶದ ದಕ್ಷಿಣ ಭಾಗದಲ್ಲಿ ಕನಾಲ್ ದು ಮಿದಿ ಎಂಬ ಪ್ರಸಿದ್ಧ ಕಾಲುವೆಯೊಂದಿದೆ. ಉಪ್ಪಿನ ತೆರಿಗೆಯನ್ನು ವಸೂಲು ಮಾಡುವ ಅಧಿಕಾರಿಯಾಗಿದ್ದ ಪಿಯೆರ್ ಪಾಲ್ ರಿಕೆ ಎಂಬಾತನು ಇದರ ಕೆಲಸವನ್ನು 1666ರಲ್ಲಿ ಕೈಗೊಂಡನು. 1681ರಲ್ಲಿ ಅದು ಸಂಚಾರಕ್ಕೆ ತೆರೆದಾಗ ನೋಡಲು ಅವನು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದನು. ತುಲೂಸ್ ನಗರದಿಂದ ಮೆಡಿಟರೇನಿಯನ್ ಕಡಲಿನ ಬಳಿಯವರೆಗೆ ಸುಮಾರು 240 ಕಿಲೋಮೀಟರು ಹರಿಯುವ ಈ ಕಾಲುವೆಗೆ ಬೇಕಾದ ನೀರನ್ನು ಬೆಟ್ಟದ ತೊರೆಗಳಿಂದ ಕೂಡಿಡಲು ಸೇಂತ್ ಫೆರಿಯೋಲ್ ಎಂಬಲ್ಲಿ ಜಲಾಶಯವೊಂದನ್ನು ಕಟ್ಟಲಾಯಿತು. ಸರಕು ತುಂಬಿದ ದೋಣಿಗಳನ್ನು ದಡದ ಮೇಲೆ ನಡೆಯುವ ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದವು. ಆ ಕುದುರೆಗಳಿಗಾಗಿಯೇ ದಂಡೆಯುದ್ದಕ್ಕೂ ದಾರಿಯಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಿತು. ಸರಕು ರೈಲಿಗೂ ಆಮೇಲೆ ಲಾರಿಗೂ ಹೋಯಿತು. ದೋಣಿಗಳು ಬರಿದಾದವು, ಕುದುರೆಗಳು ಮಾಯವಾದವು, ದಾರಿ ಮಾತ್ರ ಉಳಿಯಿತು. ಕೆಲಸವಿಲ್ಲದೆ ಉಳಿದ ಅಂಥ ದಾರಿಗಳನ್ನು ಅಲ್ಲಿಯ ಜನರು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರು. ಇಂದು ಲುವಾರ್ ನದಿಯ ಬದಿಯಲ್ಲಿಯೇ ಸುಮಾರು 900 ಕಿಲೋಮೀಟರು ಉದ್ದದ ಸೈಕಲ್ ಮಾರ್ಗವಿದೆ. ಅದರ ಮೇಲೆ ಮುದುಕರೂ ಮಕ್ಕಳೂ ದಿನಗಟ್ಟಲೆ ಪಯಣ ಮಾಡುತ್ತಾರೆ. ಕನಾಲ್ ದು ಮಿದಿಯನ್ನು 1996ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಲಾಯಿತು.

ಹೀಗೆ ನೀರಿನ ಜೊತೆಗೆ ಸಾಗುವ ದಾರಿ ಕನ್ನಡನಾಡಿಗೆ ಹೊಸತಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಬದುಕು ಘಟಪ್ರಭೆಯನ್ನು ನೆಚ್ಚಿಕೊಂಡಿದೆ. ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುವ ಈ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಕಟ್ಟಲಾಗಿದೆ. ರಾಜಾ ಲಖಮಗೌಡ ಜಲಾಶಯವೆಂದು ಹೆಸರಾದ ಇದರಲ್ಲಿ ಸುಮಾರು 51 ಟಿಎಂಸಿ ನೀರು ನಿಲ್ಲುತ್ತದೆ. ಅಲ್ಲಿಂದ ಕೆಳಗೆ, ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು ಇದೆ. ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಈ ಒಡ್ಡಿನಿಂದ. ಸುಮಾರು 109 ಕಿಲೋಮೀಟರು ಉದ್ದದ ಈ ಕಾಲುವೆಯ ನೀರು ಮುಧೋಳ, ಜಮಖಂಡಿಗಳ ಸೀಮೆಯವರೆಗೂ ಹೋಗುತ್ತದೆ.

ಧೂಪದಾಳದಿಂದ ಕೆಲವು ಕಿಲೋಮೀಟರು ಮುಂದೆ ಹೋದರೆ ಕಾಲುವೆಯ ಗುಟ್ಟು ಕಣ್ಣಿಗೆ ಕಟ್ಟುವಂತೆ ತಿಳಿಯುತ್ತದೆ. ಅಲ್ಲಿ ನದಿಯು ಸುಮಾರು 52 ಮೀಟರು ಎತ್ತರದ ಬಂಡೆಯಿಂದ ಧುಮುಕಿ ಗೋಕಾಕ ಜಲಪಾತವಾಗುತ್ತದೆ. ಈ ಧುಮುಕುವ ಬಲವನ್ನೇ ನೆಚ್ಚಿ 1887ರಲ್ಲಿ ಅಲ್ಲಿಯ ನೂಲಿನ ಗಿರಣಿ ಕೆಲಸ ಆರಂಭಿಸಿತು. ಹೀಗೆ ನದಿ ತನ್ನ ಎತ್ತರವನ್ನು ಒಂದೇ ನೆಗೆತಕ್ಕೆ ಕಳೆದುಕೊಂಡರೆ, ಜಲಪಾತಕ್ಕಿಂತ ಮೇಲೆಯೇ ಅದರಿಂದ ಬೇರ್ಪಟ್ಟ ಕಾಲುವೆ ಆ ಎತ್ತರವನ್ನು ಕಾಪಾಡಿಕೊಂಡು ಹೋಗುತ್ತದೆ. ಆದುದರಿಂದಲೇ ನದಿಯ ನೀರು ಮುಟ್ಟಲಾರದ ಎತ್ತರದ ಹೊಲಗಳನ್ನು ಕಾಲುವೆಯ ನೀರು ಮುಟ್ಟುತ್ತದೆ. ಒಂದೇ ನದಿಯ ನೀರು. ಒಂದು ಪಾಲು ಗಿರಣಿಯನ್ನು ತಿರುಗಿಸಿತು, ಇನ್ನೊಂದು ಪಾಲು ಕಬ್ಬು, ಗೋವಿನಜೋಳಗಳನ್ನು ಬೆಳೆಸಿತು.

ಈ ಸೀಮೆಯಲ್ಲಿ ಸೈಕಲ್ಲಿನಲ್ಲಿ ಸಂಚರಿಸುವವನಿಗೆ ನೋಡಲು ಬಹಳ ಇದೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಧೂಪದಾಳದ ಹಿನ್ನೀರಿನ ಸುತ್ತಲಿನ ಪ್ರದೇಶವನ್ನು 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು. ಚಳಿಗಾಲದಲ್ಲಿ ದೂರದ ಉತ್ತರ ದೇಶಗಳಿಂದ ಡೆಮಾಯ್ಸೆಲ್ ಕ್ರೌಂಚಗಳು ಅಲ್ಲಿಗೆ ಬರುತ್ತವೆ. ಜಲಪಾತದ ಮೇಲ್ಗಡೆ ತೂಗುಸೇತುವೆಯೂ ದಡದಲ್ಲಿ ಪ್ರಾಚೀನ ಗುಡಿಗಳೂ ಇವೆ. ಗೋಕಾಕದ ಪೇಟೆಯಲ್ಲಿ ಕರದಂಟು ದೊರೆಯುತ್ತದೆ. ಅಂಟು, ಬೆಲ್ಲ, ಒಣಹಣ್ಣುಗಳಿಂದ ಮಾಡಿದ ಈ ತಿನಿಸು ದಣಿದ ಸವಾರನಿಗೆ ತಕ್ಕ ಬುತ್ತಿ. ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಮೂಡಲಗಿಯಲ್ಲಿ ಶಿವಬೋಧರಂಗ ಮಠವಿದೆ. ಮೋಟಾರಿನಲ್ಲಿ ಹೋಗುವವನು ಈ ಸ್ಥಳಗಳನ್ನು ಮಾತ್ರ ಕಾಣುತ್ತಾನೆ; ಸೈಕಲ್ಲಿನವನು ಅವುಗಳ ನಡುವಣ ನಾಡನ್ನೂ ಕಾಣುತ್ತಾನೆ. ತೂಬಿನ ಬಳಿ ನೀರಿನ ಸರದಿಗಾಗಿ ಕುಳಿತ ರೈತನನ್ನು ಮಾತನಾಡಿಸುವ ವೇಗ ಅವನದು.

ಆದರೆ ಫ್ರಾನ್ಸಿನ ಕಾಲುವೆಗೂ ಇಲ್ಲಿಯ ಕಾಲುವೆಗೂ ಒಂದು ಮುಖ್ಯ ಭೇದವಿದೆ. ಅಲ್ಲಿ ದಂಡೆಯ ದಾರಿ ಸೈಕಲ್ಲಿಗೆ ದೊರೆತದ್ದು ಅದರ ಹಳೆಯ ಕೆಲಸ ಮುಗಿದುದರಿಂದ. ಇಲ್ಲಿ ಕಾಲುವೆಯ ಕೆಲಸ ಮುಗಿದಿಲ್ಲ. ಅಲ್ಲಿ ನೀರು ಸರಕನ್ನು ಹೊರುತ್ತಿತ್ತು. ಇಲ್ಲಿ ನೀರೇ ಸರಕು. ಏರಿಯ ಮೇಲಿನ ದಾರಿಯನ್ನು ಮಾಡಿರುವುದು ಕಾಲುವೆಯನ್ನು ನೋಡಿಕೊಳ್ಳುವ ಸಿಬ್ಬಂದಿಗಾಗಿ. ಕಬ್ಬು ಕಡಿಯುವ ಕಾಲದಲ್ಲಿ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಅದರ ಮೇಲೆ ಬರುತ್ತವೆ. ಏರಿಯು ಒಂದೆಡೆ ಒಡೆದರೆ ಹತ್ತಿರದ ಹೊಲದಲ್ಲಿ ಬೆಳೆ ಕೊಚ್ಚಿಹೋಗುತ್ತದೆ. ಅದಕ್ಕಿಂತ ಮಿಗಿಲಾಗಿ, ಬಹುದೂರದಲ್ಲಿ ಕಾಲುವೆಯ ಕೊನೆಯಂಚಿನ ರೈತನ ಪೈರು ನೀರಿಲ್ಲದೆ ಒಣಗುತ್ತದೆ. ಆದುದರಿಂದ ಇಲ್ಲಿ ಸೈಕಲ್ಲಿನವನು ಒಡೆಯನಲ್ಲ, ಅತಿಥಿ. ಏರಿಯ ಮಣ್ಣನ್ನು ಕೆಡಿಸದಿರುವುದು, ತೂಬಿನ ಬಾಗಿಲನ್ನು ಮುಟ್ಟದಿರುವುದು, ಚಕ್ಕಡಿಗೆ ಇಳಿದು ದಾರಿ ಕೊಡುವುದು, ಪ್ರವೇಶವಿಲ್ಲದೆಡೆ ಹಿಂದಿರುಗುವುದು ಅತಿಥಿಯ ಧರ್ಮ.

ಅಪಾಯವನ್ನೂ ಮರೆಯಲಾಗದು. ಕಾಲುವೆಯ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತವುಳ್ಳದ್ದು. ಕಲ್ಲು ಗಾರೆ ಹಾಕಿದ ಜಾರು ದಂಡೆಯಲ್ಲಿ ಬಿದ್ದವನಿಗೆ ಹಿಡಿಯಲು ಬೇರೂ ಸಿಗುವುದಿಲ್ಲ, ಬಳ್ಳಿಯೂ ಸಿಗುವುದಿಲ್ಲ. ಈಜು ಬಲ್ಲವರೂ ಇಂಥಲ್ಲಿ ಜೀವ ಕಳೆದುಕೊಳ್ಳುವುದುಂಟು. ಮಳೆಗಾಲದಲ್ಲಿ ಈ ದಾರಿ ಕೆಸರು. 2019ರ ಆಗಸ್ಟಿನಲ್ಲಂತೂ ಘಟಪ್ರಭೆ ಉಕ್ಕಿ ಗೋಕಾಕ ನಗರದೊಳಗೆ ನುಗ್ಗಿತ್ತು. ಮಳೆ ನಿಂತು ನೆಲ ಗಟ್ಟಿಯಾದ ಮೇಲೆ, ಬೆಳಗಿನ ಹೊತ್ತು, ಜೊತೆಗಾರರೊಡನೆ, ನೀರಿನ ಅಂಚಿನಿಂದ ದೂರವಾಗಿ ಸಾಗುವುದೇ ಕ್ಷೇಮ. ಗಾಳಿಯ ಪಂಪು, ಪಂಕ್ಚರಿನ ಸಾಮಾನು, ಕುಡಿಯುವ ನೀರು ಕೈಯಲ್ಲಿರಬೇಕು. ಜಾಲಿಯ ಮುಳ್ಳಿಗೆ ದಾಕ್ಷಿಣ್ಯವಿಲ್ಲ.

ಇಂಥ ದಾರಿಯ ಬೆಲೆ ವಿಹಾರಕ್ಕೆ ಮಾತ್ರ ಸೀಮಿತವಾದುದಲ್ಲ. ಕರ್ನಾಟಕ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯಲ್ಲಿ ಏಳನೆಯ ತರಗತಿಗೆ ಶಾಲೆ ಮುಗಿದು, ಪ್ರೌಢಶಾಲೆ ದೂರವಾದಾಗ ಓದು ನಿಲ್ಲಿಸುವವರಲ್ಲಿ ಹೆಣ್ಣುಮಕ್ಕಳೇ ಮೊದಲಿಗರು. ಸೈಕಲ್ಲು ಆ ದೂರವನ್ನು ಚಿಕ್ಕದು ಮಾಡುತ್ತದೆ. ಆದರೆ ಹೆದ್ದಾರಿಯ ಲಾರಿಗಳ ನಡುವೆ ಮಗಳನ್ನು ಕಳುಹಿಸಲು ತಾಯಿಯ ಮನಸ್ಸು ಅಳುಕುತ್ತದೆ. ಸೈಕಲ್ಲನ್ನು ಕೊಟ್ಟರೆ ಸಾಲದು; ಅದನ್ನು ಅಂಜದೆ ತುಳಿಯಬಲ್ಲ ದಾರಿಯೂ ಬೇಕು. ಜನವಸತಿಯ ಬಳಿಯಲ್ಲಾದರೂ ಕಾಲುವೆಯ ಅಂಚಿಗೆ ತಡೆಗೋಡೆ ಕಟ್ಟಿ, ಮುಳ್ಳುಕಂಟಿ ಸವರಿ, ಏರಿಗೆ ಧಕ್ಕೆಯಾಗದೆಡೆ ನೆರಳಿನ ಗಿಡ ನೆಟ್ಟರೆ, ಪ್ರವಾಸಿಗನಿಗೆ ಸುಖವಾಗುವ ದಾರಿಯೇ ಶಾಲೆಯ ಮಕ್ಕಳಿಗೂ ಆಸರೆಯಾಗಬಲ್ಲದು.

ಗಿಡವನ್ನು ನೆಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕನಾಲ್ ದು ಮಿದಿಯ ದಂಡೆಗೆ ನೆರಳು ಕೊಡುತ್ತಿದ್ದ ಹಳೆಯ ಪ್ಲೇನ್ ಮರಗಳಿಗೆ 2006ರಿಂದೀಚೆಗೆ ರೋಗ ತಗುಲಿ, ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಅಲ್ಲಿಯ ಜನರು ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಅವುಗಳ ತುಂಬು ನೆರಳು ದೊರೆಯುವುದು ಇಂದಿನ ಮಕ್ಕಳಿಗೆ, ಅವರು ದೊಡ್ಡವರಾದ ಮೇಲೆ. ಕಾಲುವೆಯ ನೀರಿನಂತೆ ಇಂಥ ಕೆಲಸದ ಫಲವೂ ದೂರ ಹರಿದು, ಕೊನೆಯಲ್ಲಿ ನಿಂತು ಕಾಯುವವರಿಗೆ ಮುಟ್ಟಬೇಕು.