ಕೇರಾಫ್ ಸಿಂಗಾಪುರ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಡೊಂಬಿವಲಿಯಿಂದ ನಮ್ಮ ಅಕ್ಕನ ಫೋನು ಬಂತು.

"ಅಲ್ಲ ಮಾರಾಯ, ನಾನೀಗ ಎಲ್ಲಿದ್ದೇನೆ ಹೇಳು ನೋಡುವ?"

ಎಪ್ಪತ್ತನಾಲ್ಕರ ಪ್ರಾಯದ ಅಕ್ಕ ಹೀಗೆ ಕೇಳಿದರೆ ಯಾವ ತಮ್ಮನ ಎದೆ ಧಸಕ್ಕೆನ್ನದು? "ಏಕೆ, ಮನೆಯಲ್ಲಿ ಅಲ್ಲವೆ?" ಎಂದೆ.

"ನಾನೂ ಹಾಗೆಯೇ ಎಣಿಸಿದ್ದೆ. ಬ್ಯಾಂಕಿನ ಹುಡುಗಿ ನಾನು ಸಿಂಗಾಪುರದಲ್ಲಿದ್ದೇನೆ ಎನ್ನುತ್ತಾಳೆ. ಪಿಂಚಣಿ ಬರುವ ಖಾತೆಗೆ ಬೀಗ ಹಾಕಿ ಕೂತಿದ್ದಾರೆ. ಥಾಣೆಗೆ ಹೋಗದೆ ಎರಡು ತಿಂಗಳಾಯಿತು, ಸಿಂಗಾಪುರಕ್ಕೆ ಯಾವಾಗ ಹೋದೆನೊ ಎಂತೊ!"

ಮಧ್ಯಾಹ್ನದ ಗಾಡಿ ಹಿಡಿದು ಹೋದೆ. ಫೋನನ್ನು ಕೈಗೆತ್ತಿಕೊಂಡಾಗ ಪರದೆಯ ಮೇಲ್ತುದಿಯಲ್ಲಿ ಬೀಗದ ಕೈಯಂತಹ ಸಣ್ಣ ಗುರುತೊಂದು ಕಂಡಿತು. ಇದೇನೆಂದು ಕೇಳಿದ್ದಕ್ಕೆ, "ಅದು ದುಬೈಯ ಮಗ ಹೇಳಿ ಹಾಕಿಸಿದ್ದು. ವಿ.ಪಿ.ಎನ್. ಅಂತೆ. ಅದಿಲ್ಲದಿದ್ದರೆ ಮೊಮ್ಮಗಳ ಮುಖ ಕಾಣುವುದಿಲ್ಲ" ಎಂದಳು.

ಸಂಗತಿ ಇಷ್ಟೆ. ದುಬೈಯಲ್ಲಿ ವಾಟ್ಸಾಪಿನ ಪತ್ರವೂ ಫೋಟೋವೂ ಹೋಗುತ್ತಿದ್ದವು, ಕರೆ ಮಾತ್ರ ಹೋಗುತ್ತಿರಲಿಲ್ಲ; ಅಲ್ಲಿಯವರು ಅದಕ್ಕೆ ತಡೆ ಹಾಕಿದ್ದರು. ನನ್ನ ಸೋದರಳಿಯನಿಗೆ ಯಾರೋ ಗೆಳೆಯರು ವಿ.ಪಿ.ಎನ್. ದಾರಿ ತೋರಿಸಿದರು. ಅವನು ತಾನೊಂದು ಹಾಕಿಕೊಂಡು, "ನಿನ್ನ ಕಡೆಯೂ ಒಂದಿರಲಿ ಅಮ್ಮ" ಎಂದು ಫರ್ಮಾನು ಹೊರಡಿಸಿದ. ಅಕ್ಕ ನೆರೆಮನೆಯ ಹುಡುಗನನ್ನು ಕರೆದು, ಮೊದಲು ಕಣ್ಣಿಗೆ ಬಿದ್ದ ಉಚಿತವಾದ ಒಂದನ್ನು ಹಾಕಿಸಿಕೊಂಡಳು. ಅಂದಿನಿಂದ ಅದು ಹಗಲೂ ರಾತ್ರಿ ಚಾಲೂ ಇತ್ತು.

ನಮ್ಮ ಸಂಘದ ಅನೇಕ ಮನೆಗಳಲ್ಲಿ ಈ ಬೀಗದ ಕೈ ಇದೆಯೆಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಅದು ಮಾಡುವುದೇನೆಂದು ಮಾತ್ರ ಹತ್ತರಲ್ಲಿ ಒಂಬತ್ತು ಮಂದಿ ಹೇಳಲಾರರು. ಆದುದರಿಂದ ಈ ಲೇಖನ.

ನಾನು 1974ರಲ್ಲಿ ಊರು ಬಿಟ್ಟು ಮುಂಬಯಿಗೆ ಬಂದಾಗ ನನಗೆ ಸ್ವಂತ ವಿಳಾಸವೆಂಬುದು ಇರಲಿಲ್ಲ. ಊರಿನ ಕಾಗದಗಳೆಲ್ಲ ಫೋರ್ಟಿನ ಒಂದು ಉಡುಪಿ ಹೋಟೆಲಿನ ಕೇರಾಫ್ ಬರುತ್ತಿದ್ದವು. ಯಜಮಾನರು ಗಲ್ಲೆಯ ಹಿಂದಿನ ಗೂಡಿನಲ್ಲಿ ಅವನ್ನು ಇಟ್ಟಿರುತ್ತಿದ್ದರು. ನಾನು ಮಲಗುವ ಖೋಲಿ ಯಾವ ಗಲ್ಲಿಯಲ್ಲಿದೆಯೆಂಬುದು ಅಂಚೆಯವನಿಗೆ ತಿಳಿಯದು, ಊರಿನವರಿಗೂ ತಿಳಿಯದು. ಎಲ್ಲರ ಪಾಲಿಗೂ ನಾನು ಹೋಟೆಲಿನಲ್ಲಿದ್ದವನೆ. ನಿಜ ತಿಳಿದವರು ಯಜಮಾನರೊಬ್ಬರೆ. ಅಷ್ಟೇ ಅಲ್ಲ, ನನಗೆ ಯಾರ ಯಾರ ಕಾಗದ ಬರುತ್ತದೆ, ವಾರಕ್ಕೆಷ್ಟು ಬರುತ್ತದೆ, ಇವೆಲ್ಲವೂ ಅವರಿಗೆ ಗೊತ್ತಿರುತ್ತಿತ್ತು. ವಿ.ಪಿ.ಎನ್. ಎಂದರೆ ಇದೇ ಕೇರಾಫ್ ವ್ಯವಸ್ಥೆ.

ಇಂಟರ್ನೆಟ್ಟಿಗೆ ಸೇರಿದ ಪ್ರತಿಯೊಂದು ಮನೆಗೂ ಐ.ಪಿ. ವಿಳಾಸವೆಂಬ ಅಂಕೆಗಳ ವಿಳಾಸವೊಂದಿರುತ್ತದೆ. ನಾವು ಒಂದು ತಾಣವನ್ನು ತೆರೆದರೆ ಆ ವಿಳಾಸ ಅವರಿಗೆ ಹೋಗುತ್ತದೆ. ಅದನ್ನು ನೋಡಿ ನಾವು ಯಾವ ದೇಶದವರು, ಹೆಚ್ಚುಕಡಿಮೆ ಯಾವ ಊರಿನವರು ಎಂದು ಊಹಿಸುತ್ತಾರೆ. ಮುಂಬಯಿಯಲ್ಲಿ ಕುಳಿತು ಕನ್ನಡ ಪತ್ರಿಕೆ ಓದುತ್ತಿದ್ದರೂ ಪಕ್ಕದಲ್ಲಿ ಮರಾಠಿ ಜಾಹೀರಾತು ಬರುವುದಕ್ಕೆ ಇದೂ ಒಂದು ಕಾರಣ. ನಡುವೆ ಇಂಟರ್ನೆಟ್ ಕೊಡುವ ಕಂಪನಿಯೊಂದಿದೆ. ಅದು ನಮ್ಮ ಅಂಚೆಯವನು. ಹಿಂದೆ ತಾಣಗಳೊಂದಿಗಿನ ನಮ್ಮ ವ್ಯವಹಾರ ಪೋಸ್ಟ್ ಕಾರ್ಡಿನಂತಿತ್ತು. ಊರಿನ ಅಂಚೆಯಣ್ಣ ಕಾರ್ಡನ್ನು ಓದಿಕೊಂಡೇ ಮನೆಗೆ ತರುತ್ತಿದ್ದಂತೆ ನಡುವಿನವರು ಎಲ್ಲವನ್ನೂ ಓದಬಹುದಾಗಿತ್ತು. ಈಗ ಅದು ಬಹುಮಟ್ಟಿಗೆ ಲಕೋಟೆಯಾಗಿದೆ. ವಿಳಾಸದ ಮೊದಲಲ್ಲಿ ಎಚ್.ಟಿ.ಟಿ.ಪಿ.ಎಸ್. ಎಂದಿದ್ದರೆ ಒಳಗಿನದು ಗೂಢಲಿಪಿಯಲ್ಲಿದೆ ಎಂದರ್ಥ. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಇದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಪುಕ್ಕಟೆಯಾಗಿ ಹಂಚತೊಡಗಿದ ಮೇಲೆ ಬಡ ತಾಣಗಳಿಗೂ ಲಕೋಟೆ ದೊರೆಯಿತು. ಆದರೂ ಲಕೋಟೆಯ ಮೇಲಿನ ಹೆಸರನ್ನು ಅಂಚೆಯವನು ಓದಬಲ್ಲ. ಏನು ಬರೆದಿರೆಂದು ತಿಳಿಯದಿದ್ದರೂ ಯಾರಿಗೆ ಬರೆದಿರೆಂದು ಸಾಮಾನ್ಯವಾಗಿ ತಿಳಿಯುತ್ತದೆ.

ವಿ.ಪಿ.ಎನ್. ಈ ಲಕೋಟೆಯನ್ನು ಇನ್ನೊಂದು ದೊಡ್ಡ ಲಕೋಟೆಯೊಳಗೆ ಹಾಕಿ, ಮೇಲೆ ತನ್ನ ಸರ್ವರಿನ ವಿಳಾಸ ಬರೆದು ಕಳುಹಿಸುತ್ತದೆ. ಅಂಚೆಯವನಿಗೆ ಕಾಣುವುದು ಆ ಒಂದು ವಿಳಾಸ ಮಾತ್ರ. ಸರ್ವರು ಹೊರಗಿನದನ್ನು ಒಡೆದು, ಒಳಗಿನದನ್ನು ತನ್ನ ಹೆಸರಿನಲ್ಲಿ ಮುಂದಕ್ಕೆ ಹಾಕುತ್ತದೆ. ಉತ್ತರ ಬಂದರೆ ಅದೇ ದಾರಿಯಲ್ಲಿ ನಮಗೆ ತಲುಪಿಸುತ್ತದೆ. ಸರ್ವರು ಸಿಂಗಾಪುರದಲ್ಲಿದ್ದರೆ ಜಗತ್ತಿನ ಪಾಲಿಗೆ ನಾವೂ ಸಿಂಗಾಪುರದವರೆ. ಅಕ್ಕ ಬ್ಯಾಂಕಿನ ಆಪ್ ತೆರೆದಾಗ ಬ್ಯಾಂಕಿಗೆ ಕಂಡದ್ದು ಇದು. ಡೊಂಬಿವಲಿಯ ವೃದ್ಧೆಯ ಖಾತೆಯನ್ನು ಯಾರೋ ಸಿಂಗಾಪುರದಿಂದ ತೆರೆಯುತ್ತಿದ್ದಾರೆಂದು ಅವರು ಬೀಗ ಹಾಕಿದರೆ, ನ್ಯಾಯವಾಗಿ ನೋಡಿದರೆ, ಅವರ ತಪ್ಪೇನೂ ಇಲ್ಲ. ಬೀಗ ತೆಗೆಸಲು ಮೂರು ಸಲ ಅಲೆಸಿದ್ದು ಬೇರೆ ಮಾತು.

ಈ ವಿದ್ಯೆ ಹುಟ್ಟಿದುದು ಸಿನಿಮಾ ನೋಡುವುದಕ್ಕಲ್ಲ, ಕಚೇರಿಯ ಕೆಲಸಕ್ಕೆ. ಹೊರಗಿದ್ದ ನೌಕರರು ಕಚೇರಿಯ ಕಡತಗಳನ್ನು ಭದ್ರವಾಗಿ ಮುಟ್ಟಲು ಒಂದು ದಾರಿ ಬೇಕಾಗಿತ್ತು. 1996ರಲ್ಲಿ ಮೈಕ್ರೋಸಾಫ್ಟಿನ ಗುರ್‌ದೀಪ್ ಸಿಂಗ್ ಪಾಲ್ ಮತ್ತು ಸಂಗಡಿಗರು ಪಿ.ಪಿ.ಟಿ.ಪಿ. ಎಂಬ ಪದ್ಧತಿಯನ್ನು ರೂಪಿಸಿದರು. ಎರಡೇ ವರ್ಷಗಳಲ್ಲಿ, 1998ರಲ್ಲಿ, ಬ್ರೂಸ್ ಶ್ನೈಯರ್ ಮತ್ತು ಮಡ್ಜ್ ಎಂಬವರು ಮೈಕ್ರೋಸಾಫ್ಟ್ ಅದನ್ನು ಅಳವಡಿಸಿದ ರೀತಿಯಲ್ಲಿದ್ದ ತೂತುಗಳನ್ನು ಎತ್ತಿ ತೋರಿಸಿದರು. 2001ರಲ್ಲಿ ಬಂದ ಓಪನ್ ವಿ.ಪಿ.ಎನ್.ನ ಹುಟ್ಟು ಸ್ವಾರಸ್ಯವಾದುದು. ಜೇಮ್ಸ್ ಯೋನನ್ ಎಂಬಾತ ಮಧ್ಯ ಏಷ್ಯದಲ್ಲಿ ತಿರುಗಾಡುತ್ತ ದೂರದಿಂದಲೇ ಕಚೇರಿಯ ಕೆಲಸ ಮಾಡುತ್ತಿದ್ದ. ತನ್ನ ಕಾಗದಪತ್ರಗಳು ಯಾರು ಯಾರ ಕೈದಾಟಿ ಹೋಗುತ್ತಿವೆಯೋ ಎಂಬ ಅಂಜಿಕೆಯಿಂದಲೇ ಅದನ್ನು ಬರೆಯಲು ಕುಳಿತ. ಪರಸ್ಥಳದಲ್ಲಿದ್ದವರ ಚಿಂತೆಯೆಲ್ಲ ಒಂದೇ ಜಾತಿಯದು! ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಇವೆಲ್ಲಕ್ಕಿಂತ ಚಿಕ್ಕದು, ಸುಮಾರು 4,000 ಸಾಲುಗಳು ಮಾತ್ರ. 2020ರ ಮಾರ್ಚಿನಲ್ಲಿ ಅದು ಲಿನಕ್ಸಿನ ಒಡಲಿಗೇ ಸೇರಿತು. ಅದೇ ತಿಂಗಳು ಲಾಕ್‌ಡೌನಾಗಿ ಪುಣೆ, ಹೈದರಾಬಾದುಗಳ ನಮ್ಮ ಮಕ್ಕಳು ಅಡಿಗೆಮನೆಯ ಮೇಜಿನ ಮೇಲೆ ಕಚೇರಿ ತೆರೆದರು. ಆ ಕಚೇರಿಗಳು ನಡೆದುದು ಹೆಚ್ಚಾಗಿ ವಿ.ಪಿ.ಎನ್.ನಿಂದಲೇ.

ಇನ್ನು ಯಜಮಾನರ ವಿಷಯ. ಕೇರಾಫ್ ಕೊಟ್ಟ ಮೇಲೆ ನಮ್ಮ ಗುಟ್ಟು ಅಂಚೆಯವನ ಕೈತಪ್ಪಿ ಯಜಮಾನರ ಕೈಸೇರಿತೇ ಹೊರತು ಮಾಯವಾಗಲಿಲ್ಲ. ನಮ್ಮ ಹೋಟೆಲಿನ ಯಜಮಾನರು ಸಜ್ಜನರು. ಎಲ್ಲರೂ ಹಾಗಿರುವರೆ? ಆಸ್ಟ್ರೇಲಿಯದ ಸಿ.ಎಸ್.ಐ.ಆರ್.ಓ. ಸಂಸ್ಥೆಯವರೂ ಸೇರಿದಂತೆ ಕೆಲವರು ಸಂಶೋಧಕರು 2016ರಲ್ಲಿ 283 ವಿ.ಪಿ.ಎನ್. ಆಪ್‌ಗಳನ್ನು ಪರೀಕ್ಷಿಸಿದರು. ನೂರಕ್ಕೆ 38ರಲ್ಲಿ ಕೇಡು ಮಾಡುವ ತಂತ್ರಾಂಶದ ಕುರುಹು ಸಿಕ್ಕಿತು. ನೂರಕ್ಕೆ 18 ಆಪ್‌ಗಳಂತೂ ಗೂಢಲಿಪಿಯನ್ನೇ ಬಳಸುತ್ತಿರಲಿಲ್ಲ. ಹೊರಲಕೋಟೆಗೆ ಅಂಟನ್ನೇ ಹಚ್ಚಿರಲಿಲ್ಲವೆನ್ನಿ. ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೊ ಎಂಬುದು ರಕ್ಷಣೆಯ ಹೆಸರಿನಲ್ಲಿ ಜನರ ಫೋನಿಗೆ ಸೇರಿ, ಅವರು ಯಾವ ಯಾವ ಆಪ್ ಬಳಸುತ್ತಾರೆಂದು ತನ್ನ ಒಡೆಯರಿಗೆ ವರದಿ ಮಾಡುತ್ತಿತ್ತು. 2018ರಲ್ಲಿ ಆಪಲ್ ಕಂಪನಿಯ ಆಕ್ಷೇಪದ ಮೇಲೆ ಅದರ ಅಂಗಡಿಯಿಂದ ಹೊರಬಿತ್ತು. ಹೋಲಾ ಎಂಬ ಉಚಿತ ಸೇವೆ ತನ್ನ ಗಿರಾಕಿಗಳ ಸಂಪರ್ಕವನ್ನೇ ಪರರಿಗೆ ಬಾಡಿಗೆಗೆ ಕೊಡುತ್ತಿದ್ದುದು 2015ರಲ್ಲಿ ಬಯಲಾಯಿತು. ಎಂದರೆ, ಯಾವನೋ ಅಪರಿಚಿತ ನಿಮ್ಮ ಮನೆಯ ಕೇರಾಫಿನಲ್ಲಿ ತನ್ನ ವ್ಯವಹಾರ ನಡೆಸಬಹುದು! ದೇಶದೇಶಗಳಲ್ಲಿ ಸರ್ವರು ನಡೆಸುವುದಕ್ಕೆ ಹಣ ಬೇಕು. ಗಿರಾಕಿ ಕೊಡದಿದ್ದರೆ ಅದು ಬೇರೆಲ್ಲಿಂದಲೋ ಬರಬೇಕಲ್ಲವೆ? ಎಲ್ಲ ಉಚಿತ ಸೇವೆಗಳೂ ಕೆಟ್ಟವೆನ್ನಲಾರೆ. ಹಣ ಕೊಡುವ ಗಿರಾಕಿಗಳ ಬಲದಿಂದ ಬಡವರಿಗೂ ಒಂದಷ್ಟು ಬಡಿಸುವ ಸೇವೆಗಳುಂಟು. ಆದರೆ ಹೆಸರು, ದೆಸೆ, ಊರು ಒಂದೂ ತಿಳಿಯದ ಆಪ್ ಬೇಡವೇ ಬೇಡ.

ಒಳ್ಳೆಯ ಯಜಮಾನನ ಗುರುತು ಕಾಗದದ ಲೆಕ್ಕವನ್ನೇ ಇಡದಿರುವುದು. 2023ರ ಏಪ್ರಿಲಿನಲ್ಲಿ ಸ್ವೀಡನ್ನಿನ ಪೊಲೀಸರು ಮಲ್ವಾಡ್ ಎಂಬ ವಿ.ಪಿ.ಎನ್. ಕಂಪನಿಯ ಕಚೇರಿಗೆ ಜಪ್ತಿಯ ಆಜ್ಞೆ ಹಿಡಿದು ಬಂದರು. ಗಿರಾಕಿಗಳ ವಿವರವನ್ನು ಅವರು ಇಟ್ಟೇ ಇರಲಿಲ್ಲವಾದುದರಿಂದ ಪೊಲೀಸರು ಬರಿಗೈಯಲ್ಲಿ ಹಿಂದಿರುಗಿದರು. ನಮ್ಮ ದೇಶದಲ್ಲಿ ಸರ್ಕಾರದ ಧೋರಣೆ ಬೇರೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಲ್ಲಿ ಸೇವೆ ಕೊಡುವ ವಿ.ಪಿ.ಎನ್. ಕಂಪನಿಗಳು ಗಿರಾಕಿಯ ಹೆಸರು, ವಿಳಾಸ, ಉದ್ದೇಶ ಮುಂತಾದವನ್ನು 5 ವರ್ಷ ಕಾದಿಡಬೇಕು. ಕಳ್ಳರನ್ನು ಹಿಡಿಯಲು ಇದು ಬೇಕು ಎಂಬುದು ಸರ್ಕಾರದ ವಾದ. ಗುಟ್ಟು ಕಾಯುವ ಅಂಗಡಿಯಲ್ಲಿ ಗುಟ್ಟಿನ ಖಾತೆ ಪುಸ್ತಕವಿಟ್ಟರೆ ಅಂಗಡಿಯೇ ಏಕೆ ಎಂಬುದು ಕಂಪನಿಗಳ ವಾದ. ಎಕ್ಸ್‌ಪ್ರೆಸ್ ವಿ.ಪಿ.ಎನ್., ನಾರ್ಡ್, ಪ್ರೋಟಾನ್ ಮೊದಲಾದವು ಆ ವರ್ಷವೇ ಭಾರತದೊಳಗಿನ ಸರ್ವರುಗಳನ್ನು ತೆಗೆದವು. ಎರಡು ವಾದಗಳಲ್ಲಿಯೂ ಹುರುಳಿದೆ. ನನ್ನ ಒಲವು ಎರಡನೆಯದರ ಕಡೆಗೆ.

ಸಿನಿಮಾದ ಮಾತಿಗೆ ಬರೋಣ. ಹೊರದೇಶದ ನಮ್ಮ ಮಕ್ಕಳು ವಿ.ಪಿ.ಎನ್. ಹಾಕುವುದು ಹೆಚ್ಚಾಗಿ ಇದಕ್ಕೇ. ಚಿತ್ರವೊಂದರ ಹಕ್ಕನ್ನು ಒಂದೊಂದು ದೇಶಕ್ಕೆ ಒಬ್ಬೊಬ್ಬರಿಗೆ ಮಾರುವ ಪದ್ಧತಿ ಇರುವುದರಿಂದ, ಇಲ್ಲಿ ಕಾಣುವ ಚಿತ್ರ ಅಲ್ಲಿ ಕಾಣದು. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತವೂ ಸೇರಿ 130 ಹೊಸ ದೇಶಗಳಿಗೆ ಕಾಲಿಟ್ಟಿತು. ಅದೇ ತಿಂಗಳು, ವಿ.ಪಿ.ಎನ್. ಮೂಲಕ ಗಡಿ ದಾಟುವವರನ್ನು ತಡೆಯುವುದಾಗಿಯೂ ಸಾರಿತು. ಅಂದಿನಿಂದ ಬೆಕ್ಕು-ಇಲಿಯ ಆಟ ನಡೆದೇ ಇದೆ. ಗಡಿ ದಾಟುವುದು ಸಾಮಾನ್ಯವಾಗಿ ಕಂಪನಿಯ ಕರಾರಿಗೆ ವಿರುದ್ಧ. ಕೊಟ್ಟ ಚಂದಾ ಮುಳುಗಿದರೆ ಕೇಳುವಂತಿಲ್ಲ. ಮುಂಬಯಿ, ಚೆನ್ನೈ, ದೆಹಲಿಗಳಲ್ಲಿರುವ ನಮಗೆ ಈ ಗೋಜು ಇಲ್ಲ. ಈ ಹಕ್ಕುಗಳ ಗಡಿ ದೇಶದ್ದು, ರಾಜ್ಯದ್ದಲ್ಲ. ಬೆಂಗಳೂರಿನಲ್ಲಿ ತೆರೆಯುವ ಕನ್ನಡ ಚಿತ್ರ ಚೆಂಬೂರಿನಲ್ಲಿಯೂ ತೆರೆಯುತ್ತದೆ. ಕನ್ನಡ ವಾಹಿನಿ ನೋಡಲು ವಿ.ಪಿ.ಎನ್. ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ.

ರೈಲು ನಿಲ್ದಾಣದ ವೈಫೈಯಲ್ಲಿ ಇದು ಬೇಕೇ ಎಂದು ಸಂಘದ ಕೆಲವರು ಕೇಳಿದ್ದುಂಟು. ಮುಂಬಯಿ ಸೆಂಟ್ರಲಿನಲ್ಲಿ 2016ರಲ್ಲಿ ಪುಕ್ಕಟೆ ವೈಫೈ ಬಂದಾಗಿನಿಂದಲೂ ಈ ಅಂಜಿಕೆ ಇದೆ. ಲಕೋಟೆ ಬಂದ ಮೇಲೆ ಅಪಾಯ ಮೊದಲಿನಷ್ಟಿಲ್ಲ, ಒಳ್ಳೆಯ ವಿ.ಪಿ.ಎನ್. ಇದ್ದರೆ ಮತ್ತಷ್ಟು ನೆಮ್ಮದಿ. ಆದರೆ ಪೊಲೀಸರ ವೇಷ ಹಾಕಿ ವಿಡಿಯೋದಲ್ಲಿ ಗದರಿಸುವವನಿಗೆ ನೀವೇ ಓ.ಟಿ.ಪಿ. ಹೇಳಿದರೆ ಯಾವ ವಿ.ಪಿ.ಎನ್. ಕೂಡ ಕಾಯಲಾರದು.

ನಮ್ಮ ದೇಶದಲ್ಲಿ ವಿ.ಪಿ.ಎನ್. ಬಳಸುವುದೇ ಅಪರಾಧವೆನ್ನುವ ಸಾಮಾನ್ಯ ಕಾನೂನಿಲ್ಲ. ಕಾಶ್ಮೀರದಲ್ಲಿ 2020ರ ಜನವರಿಯಲ್ಲಿ, ಸರ್ಕಾರ ಒಪ್ಪಿದ ಕೆಲವೇ ತಾಣಗಳಿಗೆ ಇಂಟರ್ನೆಟ್ ಬಿಟ್ಟಾಗ ಜನ ಇದರ ಮೊರೆಹೋದರು, ಪೊಲೀಸರು ಮೊಕದ್ದಮೆಯನ್ನೂ ಹೂಡಿದರು. ಅರಬ್ ಎಮಿರೇಟ್ಸಿನ ಕಾನೂನು ಬಿಗಿಯಾದುದು. ಅಲ್ಲಿಯ ಕಂಪನಿಗಳು ತಮ್ಮ ಕೆಲಸಕ್ಕೆ ವಿ.ಪಿ.ಎನ್. ಬಳಸಬಹುದು. ಆದರೆ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಐ.ಪಿ. ವಿಳಾಸ ಮರೆಸಿದರೆ, 2021ರ ಕಾನೂನಿನ ಪ್ರಕಾರ ಸೆರೆವಾಸವುಂಟು, 5 ಲಕ್ಷದಿಂದ 20 ಲಕ್ಷ ದಿರ್ಹಮಿನವರೆಗೆ ದಂಡವುಂಟು. ತಡೆಹಾಕಿದ ಕರೆಯನ್ನು ಮಾಡುವುದು ಈ ಮಾತಿನೊಳಗೆ ಬರುತ್ತದೆಯೋ ಇಲ್ಲವೋ ಎಂಬ ಪರೀಕ್ಷೆಗೆ ನನ್ನ ಸೋದರಳಿಯ ಕೊರಳೊಡ್ಡುವುದು ನನಗೆ ಬೇಡವಾಗಿತ್ತು.

ಅಂದು ಸಂಜೆ ಅವನಿಗೆ ಕಾಗದ ಬರೆದೆ. ವಾಟ್ಸಾಪಿನಲ್ಲೇ, ಪತ್ರಕ್ಕೆ ತಡೆಯಿಲ್ಲವಲ್ಲ. ತಡೆ ಇರುವುದು ಅವನ ಕಡೆಗೆ, ಆದುದರಿಂದ ಅಮ್ಮನ ಫೋನಿನಲ್ಲಿ ವಿ.ಪಿ.ಎನ್. ಇದ್ದು ಕಡಲೆಕಾಯಿಯಷ್ಟೂ ಪ್ರಯೋಜನವಿಲ್ಲ ಎಂದೆ. ದಂಡದ ಮೊತ್ತವನ್ನು ರೂಪಾಯಿ ಮಾಡಿ ಬರೆದೆ. "ಇಲ್ಲಿ ಎಲ್ಲರೂ ಮಾಡುತ್ತಾರೆ ಮಾವ" ಎಂದು ಉತ್ತರ ಬಂತು. ನಾನು ಸುಮ್ಮನಿದ್ದೆ. ಅರ್ಧ ಗಂಟೆಯ ಮೇಲೆ, "ಅಮ್ಮನ ಖಾತೆ ಸರಿಹೋಯಿತೇ?" ಎಂದು ಇನ್ನೊಂದು ಬಂತು. ಅಲ್ಲಿಯ ಅಧಿಕಾರಿಗಳು ಅನುಮತಿ ಕೊಟ್ಟ ಬೋಟಿಮ್ ಮುಂತಾದ ಕರೆಯ ಆಪ್‌ಗಳಿವೆ. ಅವುಗಳಲ್ಲಿ ಒಂದನ್ನು ಇಬ್ಬರೂ ಹಾಕಿಕೊಳ್ಳುವುದೆಂದು ತೀರ್ಮಾನವಾಯಿತು. ಅಕ್ಕನ ಫೋನಿನ ಆ ಉಚಿತ ಆಪನ್ನು ಕಿತ್ತೆ, ಬ್ಯಾಂಕಿನ ಗುಪ್ತಸಂಖ್ಯೆಗಳನ್ನೆಲ್ಲ ಬದಲಾಯಿಸಿದೆ. ಖಾತೆಯಲ್ಲಿ ಹಣ ಹಾಗೆಯೇ ಇತ್ತು, ದೇವರ ದಯೆ.

ಮುಂದಿನ ಭಾನುವಾರ ಮೊಮ್ಮಗಳು ಕಾಣಿಸಿಕೊಂಡಳು. ಚಿತ್ರ ಆಗಾಗ ನಿಲ್ಲುತ್ತಿತ್ತು. ಅಕ್ಕ ಪರದೆಯ ಹತ್ತಿರ ಮುಖವಿಟ್ಟು, "ನಾನು ಡೊಂಬಿವಲಿಯಿಂದಲೇ ಮಾತಾಡುವುದು ಮಗಾ" ಎಂದು ಮೊದಲಿಗೇ ಹೇಳಿದಳು. ಮಗುವಿಗೆ ಏನೂ ಅರ್ಥವಾಗಲಿಲ್ಲ. ಬಿದ್ದ ಹಲ್ಲು ತೋರಿಸುವ ಅವಸರ ಅವಳಿಗೆ.