ಸರೋವರದ ತಳದಲ್ಲೊಂದು ಸಮಾಧಿ
ಸರೋವರದ ಒಡಲನ್ನು ಕಾಣುವ ಕುತೂಹಲವು ಮಾನವನಿಗೆ ಸಹಜವಾದುದೇ. 1964ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದಲ್ಲಿ ಜಾಕ್ ಪಿಕಾರರ ಜಲಾಂತರ್ಗಾಮಿಯು ಒಮ್ಮೆಗೆ 40 ಪ್ರವಾಸಿಗರನ್ನು ಆಳಕ್ಕೊಯ್ಯುತ್ತಿತ್ತು. ಆದರೆ ಮುಳುಗಿದ ಹಡಗನ್ನು ನೋಡಲು ಇಳಿಯುವುದೆಂದರೆ ಕೆಲವೊಮ್ಮೆ ಸಮಾಧಿಯನ್ನೇ ಇಣುಕಿ ನೋಡಿದಂತೆ.

ಉತ್ತರ ಅಮೆರಿಕದ ಸುಪೀರಿಯರ್ ಸರೋವರದಲ್ಲಿ 1975ರ ನವೆಂಬರ್ 10ರಂದು 'ಎಡ್ಮಂಡ್ ಫಿಟ್ಜೆರಾಲ್ಡ್' ಎಂಬ ಅದಿರಿನ ಹಡಗು ಬಿರುಗಾಳಿಗೆ ಸಿಲುಕಿ ಮುಳುಗಿತು. ಅಡುಗೆಯವರೂ ಸೇರಿದಂತೆ 29 ಮಂದಿ ದುಡಿಮೆಗಾರರು ಜಲಸಮಾಧಿ ಹೊಂದಿದರು; ಒಬ್ಬರ ದೇಹವೂ ಮನೆಗೆ ಮರಳಲಿಲ್ಲ. ಮುಂದೆ ಕಿರು ಜಲಾಂತರ್ಗಾಮಿಗಳು ಅಲ್ಲಿಗಿಳಿದು ಚಿತ್ರಗಳನ್ನು ತೆಗೆದಾಗ ಬಂಧುಗಳು ನೊಂದರು. 1995ರಲ್ಲಿ ಹಡಗಿನ ಗಂಟೆಯನ್ನು ಮೇಲೆತ್ತಿ, ಮೃತರ ಹೆಸರುಗಳನ್ನು ಕೊರೆದ ಬೇರೊಂದು ಗಂಟೆಯನ್ನು ಅದರ ಸ್ಥಾನದಲ್ಲಿರಿಸಲಾಯಿತು. 2006ರಿಂದ ಕೆನಡಾದ ಒಂಟಾರಿಯೊ ಪ್ರಾಂತದ ಪರವಾನಗಿಯಿಲ್ಲದೆ ಅಲ್ಲಿಗಿಳಿಯುವಂತಿಲ್ಲ.

ದುಡಿಯಲು ಹೋಗಿ ಅಳಿದವರ ನೆಲೆಯು ವಿನೋದದ ತಾಣವಾಗಬಾರದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.